ಮಾವನನ್ನು ಎಬ್ಬಿಸಿ ನಡೆಸಿದ ಫಿಸಿಯೋ ಮೇಡಂಗೆ

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುತ್ತಿಲ್ಲ. ಆದರೆ ಮಡಿಕೇರಿಯಲ್ಲಿ ನಿಮ್ಮ ಕೈಯಲ್ಲಿ ಸುಧಾರಿಸಿದ ಮಾಜಿ ಸೈನಿಕರಿಗೆಲ್ಲ ಇದು ಯಾರೆಂದು ಗೊತ್ತಾಗುತ್ತದೆ.

ಸ್ಟ್ರೋಕ್ ಆದಮೇಲೆ ಮಾವನ ಎಡಗಾಲು ಎಳೆಯುತ್ತಿತ್ತು. ಕೂತಲ್ಲೇ ಕೂತು ತೂಕ ಏರಿತು, ಜೊತೆಗೆ ಬಿಪಿ. ರೆಸ್ಟ್ ತಗೊಳ್ಳಿ ಅನ್ನುವವರೇ ಎಲ್ಲ. ನೀವು ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟಿರಿ. ಎರಡೂ ಪಾದ ನೆಲಕ್ಕೂರಿ, ಮುಂದಕ್ಕೆ ಬಾಗಿ, ನಿಧಾನ ಏಳಬೇಕು. ಬಲಗಾಲಿನ ಮೇಲೇ ಭಾರ ಹಾಕಿದರೆ, 'ಸಾಬ್, ಎಡಗಾಲಿಗೂ ಡ್ಯೂಟಿ ಕೊಡಿ' ಅನ್ನುತ್ತಿದ್ದಿರಿ. ಕೂತೇ ಮಾರ್ಚ್ ಮಾಡಿಸಿದಿರಿ. ಪರೇಡ್ ಅಂದರೆ ಸುಬೇದಾರರು ಮರುಮಾತಾಡ್ತಾರಾ? ನಡೆಯುವಾಗ ಉಸಿರು ಸ್ವಲ್ಪ ಜೋರಾಗಲಿ, ಮಾತು ಮಾತ್ರ ನಿಲ್ಲಬಾರದು, ಅಷ್ಟೇ ವೇಗ ಸಾಕು ಅಂದಿರಿ.

ನಮ್ಮ ಅಕ್ಕಿತರಿಯ ಉಂಡೆ, ಕಡಂಬುಟ್ಟು, ಬಿಡಿಸಲಿಲ್ಲ. ಎರಡು ಕಡಿಮೆ ತಿನ್ನಿ, ಸೊಪ್ಪಿನ ಪಲ್ಯ ಜಾಸ್ತಿ ಹಾಕಿಕೊಳ್ಳಿ ಅಂದಿರಿ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಎಂದು ಉಪ್ಪಿನಕಾಯಿ ಬಾಟಲಿಯನ್ನು ಮೇಜಿನಿಂದ ನೀವೇ ಎತ್ತಿದಿರಿ. ಮಿಲಿಟರಿ ಕ್ಯಾಂಟೀನ್ ರಮ್ ಬಗ್ಗೆ ಹೇಳಿದ್ದನ್ನು ಮಾವ ಇನ್ನೂ ಕ್ಷಮಿಸಿಲ್ಲ. ಆದರೆ ಮುಟ್ಟಿಲ್ಲ.

ಈಗ ಕೋಲು ಹಿಡಿದು ರಾಜಾಸೀಟಿನ ತನಕ ಹೋಗಿಬರುತ್ತಾರೆ. ಬೆಲ್ಟು ಒಂದು ತೂತು ಒಳಗೆ ಸರಿದಿದೆ. ತುಂಬಾ ಥ್ಯಾಂಕ್ಸ್ ಮೇಡಂ. ತೋಟದ ಕಾಫಿಪುಡಿ ಕಳಿಸುತ್ತಿದ್ದೇವೆ, ಬೇಡ ಅನ್ನಬೇಡಿ.