ಕೊವಾಲಾ ರಸ್ತೆ ದಾಟುವ ಹೊತ್ತಿಗೆ ಸ್ವಲ್ಪ ನಿಧಾನ

ಸಂಪಾದಕರೇ,

ಆಸ್ಟ್ರೇಲಿಯಾದಲ್ಲಿರುವ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರು ನನ್ನನ್ನು ಕೇಳುವುದು ಒಂದೇ: "ಕೊವಾಲಾನ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳೋದು ಎಲ್ಲಿ?" ಬ್ರಿಸ್ಬೇನ್‌ನ ಲೋನ್ ಪೈನ್ ಧಾಮ 2024ರಲ್ಲೇ ಅದನ್ನು ನಿಲ್ಲಿಸಿತು. ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಆ ಪ್ರಾಣಿಗೆ ನಮ್ಮಿಂದ ಬೇಕಾಗಿರುವುದು ಬೇರೆ ಇದೆ.

ನಾನಿರುವುದು ಬ್ರಿಸ್ಬೇನ್‌ಗೆ ಪೂರ್ವದ ರೆಡ್‌ಲ್ಯಾಂಡ್ಸ್‌ನಲ್ಲಿ. ವೃದ್ಧಾಶ್ರಮವೊಂದರಲ್ಲಿ ನರ್ಸ್. ಎರಡನೇ ಪಾಳಿ ಮುಗಿಸಿ ರಾತ್ರಿ ಮನೆಗೆ ಬರುವ ದಾರಿಯಲ್ಲಿ ಕೊವಾಲಾ ಚಿತ್ರದ ಹಳದಿ ಬೋರ್ಡುಗಳಿವೆ. ಟೂರಿಸ್ಟರಿಗೆ ಅಂತ ಸುಮ್ನೆ ಹಾಕಿದ್ದಾರೇನೋ ಎನ್ನುವ ಹಾಗೆ ಜನ ಅದರ ಪಕ್ಕದಲ್ಲೇ ಜೋರಾಗಿ ಹೋಗುತ್ತಾರೆ. ಕೊವಾಲಾ ಹಗಲೆಲ್ಲ ಮಲಗಿದ್ದು, ಕತ್ತಲಾದ ಮೇಲೆ ಮರ ಇಳಿದು ಇನ್ನೊಂದು ಮರಕ್ಕೆ ನಡೆಯುತ್ತದೆ. ಆ ಎರಡು ಮರಗಳ ನಡುವೆ ಈಗ ನಮ್ಮ ಹೊಸ ಮನೆಗಳು, ಬೇಲಿ, ರಸ್ತೆ. ಆಗಸ್ಟ್‌ನಿಂದ ಡಿಸೆಂಬರ್ ತನಕ ಅವು ಸಂಗಾತಿ ಹುಡುಕುವ ಕಾಲ, ಓಡಾಟ ಜಾಸ್ತಿ. ಗಂಡು ಕೊವಾಲಾ ರಾತ್ರಿ ಹಂದಿಯ ಹಾಗೆ ಗುಟುರು ಹಾಕುವುದೂ ಆಗಲೇ. ಹೊಸಬರು ಹೆದರಬೇಡಿ! ಆ ತಿಂಗಳುಗಳಲ್ಲಿ ರಾತ್ರಿ ಹತ್ತು ಕಿಲೋಮೀಟರ್ ವೇಗ ಕಡಿಮೆ ಮಾಡಿದರೆ ಮನೆ ಸೇರುವುದು ಒಂದೆರಡು ನಿಮಿಷ ತಡ, ಅಷ್ಟೇ ಅಲ್ವಾ?

ಗುದ್ದಿಬಿಟ್ಟರೆ ದಯವಿಟ್ಟು ಹೋಗಿಬಿಡಬೇಡಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎಯ 1300 264 625ಕ್ಕೆ ಫೋನ್ ಮಾಡಿ. ಬರಿಗೈಯಲ್ಲಿ ಮುಟ್ಟಬೇಡಿ, ಉಗುರು ಬಹಳ ಚೂಪು. ಬಟ್ಟೆ ಒಗೆಯಲು ಹಾಕುವ ಬುಟ್ಟಿಯನ್ನು ಮೇಲೆ ಕವುಚಿ, ಟವೆಲ್ ಹೊದಿಸಿ ಕಾಯಿರಿ. ಸತ್ತಿದ್ದರೂ ಫೋನ್ ಮಾಡಿ. ಮರಿ ಸುಮಾರು ಆರು ತಿಂಗಳು ತಾಯಿಯ ಹೊಟ್ಟೆಚೀಲದಲ್ಲೇ ಇರುತ್ತದೆ. ತಾಯಿ ಹೋದರೂ ಅದು ಬದುಕಿರಬಹುದು.

ನಾಯಿ ಸಾಕಿದವರಿಗೆ ಒಂದು ಮಾತು. "ನಮ್ಮದು ಏನೂ ಮಾಡಲ್ಲ" ಎನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ. ರಾತ್ರಿ ಅದನ್ನು ಒಳಗೆ ಮಲಗಿಸಿ. ನಾಯಿ ಒಮ್ಮೆ ಬಾಯಿ ಹಾಕಿದ್ದರೂ ಸಾಕು, ಹೊರಗೆ ಗಾಯ ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ಆ ಕೊವಾಲಾನ ಪಶುವೈದ್ಯರಿಗೆ ತೋರಿಸಲೇಬೇಕು. ಹಿತ್ತಲಲ್ಲಿ ಈಜುಕೊಳ ಇದ್ದರೆ ದಪ್ಪ ಹಗ್ಗದ ಒಂದು ತುದಿಯನ್ನು ಗಟ್ಟಿಯಾಗಿ ಕಟ್ಟಿ, ಇನ್ನೊಂದನ್ನು ನೀರಿಗೆ ಬಿಡಿ. ಕೊವಾಲಾ ಈಜುತ್ತದೆ, ಆದರೆ ನುಣುಪು ಗೋಡೆ ಹತ್ತಲಾರದೆ ಸೋತು ಮುಳುಗುತ್ತದೆ.

ಬಾಟಲಿಯಿಂದ ನೀರು ಕುಡಿಸುವ ವಿಡಿಯೊಗಳು 2019-20ರ ಕಾಳ್ಗಿಚ್ಚಿನ ಹೊತ್ತಿನಲ್ಲಿ ಎಲ್ಲ ಕಡೆ ಹರಿದಾಡಿದವು. ಕುಡಿಸಿದವರ ಮನಸ್ಸು ಒಳ್ಳೆಯದೇ. ಆದರೆ ತಲೆ ಹಿಂದಕ್ಕೆ ವಾಲಿದಾಗ ನೀರು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಕುತ್ತು ತರಬಹುದು. ಸೆಕೆಯಲ್ಲಿ ಮರದ ಬುಡದಲ್ಲಿ ಅಗಲವಾದ ಬೋಗುಣಿ ಇಟ್ಟು ದೂರ ಸರಿಯಿರಿ.

ಗಿಡ ನೆಡುವ ಉತ್ಸಾಹವೂ ಒಳ್ಳೆಯದು. ಆದರೆ ನೀಲಗಿರಿ ಜಾತಿಗಳು 700ಕ್ಕೂ ಹೆಚ್ಚು, ಕೊವಾಲಾ ಇಷ್ಟಪಟ್ಟು ತಿನ್ನುವುದು ಕೆಲವನ್ನು ಮಾತ್ರ. ನಮ್ಮ ಕಡೆ ಫಾರೆಸ್ಟ್ ರೆಡ್ ಗಮ್, ಟ್ಯಾಲೋವುಡ್. ಇವು ಭಾರಿ ಮರಗಳಾಗುತ್ತವೆ, ಸಣ್ಣ ಹಿತ್ತಲಿಗೆ ಆಗಿಬರುವುದಿಲ್ಲ. ಹಾಗಾಗಿ ಈಗಾಗಲೇ ಇರುವ ದೊಡ್ಡ ಮರ ಕಡಿಸದಿರುವುದೇ ಹೆಚ್ಚಿನ ಉಪಕಾರ. ಎಲೆ ಬಿದ್ದು ಚಾವಣಿ ಅಂಚಿನ ಗಟರ್ ಕಟ್ಟಿಕೊಳ್ಳುತ್ತದೆ, ಒಪ್ಪಿದೆ. ವರ್ಷಕ್ಕೊಮ್ಮೆ ಏಣಿ ಹತ್ತಿ.

1927ರಲ್ಲಿ ಇದೇ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಸರ್ಕಾರದ ಒಪ್ಪಿಗೆಯಿಂದಲೇ ತುಪ್ಪಳಕ್ಕಾಗಿ ಐದು ಲಕ್ಷಕ್ಕೂ ಹೆಚ್ಚು ಕೊವಾಲಾಗಳನ್ನು ಕೊಂದರು. ಜನ ಸಿಟ್ಟಿಗೆದ್ದ ಮೇಲೆ ಆ ಬೇಟೆ ನಿಂತಿತು. 2022ರ ಫೆಬ್ರುವರಿಯಲ್ಲಿ ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್, ಕ್ಯಾನ್‌ಬೆರಾ ಪ್ರದೇಶದ ಕೊವಾಲಾಗಳು ಅಳಿವಿನಂಚಿನ ಪಟ್ಟಿಗೆ ಸೇರಿದವು. ಈ ಸಲ ಬಂದೂಕು ಹಿಡಿದವರು ಯಾರೂ ಇಲ್ಲ. ಮನೆ, ಕಾರು, ನಾಯಿ ಇರುವ ನಮ್ಮಂಥವರೇ.

ಇಲ್ಲಿನ ಕನ್ನಡ ಸಂಘಗಳಿಗೆ ನನ್ನದೊಂದು ಕೋರಿಕೆ. ಹೊಸಬರಿಗೆ ಶಾಲೆ, ಬಾಡಿಗೆ ಮನೆ, ಲೈಸೆನ್ಸ್ ಬಗ್ಗೆ ಕಳಿಸುವ ಮೆಸೇಜಿನಲ್ಲೇ ಮೇಲಿನ ಫೋನ್ ನಂಬರನ್ನೂ ಸೇರಿಸಿ.

– ಒಬ್ಬ ಓದುಗಿ, ರೆಡ್‌ಲ್ಯಾಂಡ್ಸ್, ಕ್ವೀನ್ಸ್‌ಲ್ಯಾಂಡ್