ನಿಂತುಹೋದ ಓದು ಮುಂದುವರಿಯಲು ನೆರವಾಗಿ: ದೇಣಿಗೆ ಮನವಿ

ಕೊಡಗಿನ ಸಹೃದಯ ದಾನಿಗಳಿಗೆ ನಮಸ್ಕಾರ.

ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಮೈಸೂರಿಗೋ ಮಂಗಳೂರಿಗೋ ಓದಲು ಹೋದ ಹುಡುಗ ಎರಡನೇ ವರ್ಷಕ್ಕೆ ಊರಿಗೆ ವಾಪಸ್ ಬರುತ್ತಾನೆ. ನಿದ್ದೆಯಿಲ್ಲ, ಎಲ್ಲರೂ ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆಂಬ ಭಯ. ಮನೆಯವರು ಹರಕೆ ಹೊರುತ್ತಾರೆ, ಆಮೇಲೆ ಮಡಿಕೇರಿಯ ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದೊಯ್ಯುತ್ತಾರೆ. ಮಾತ್ರೆ ಹಿಡಿಯುತ್ತದೆ, ಹುಡುಗ ಸುಧಾರಿಸುತ್ತಾನೆ. ಆದರೆ ಅಷ್ಟರಲ್ಲಿ ಜೊತೆಯವರು ಡಿಗ್ರಿ ಮುಗಿಸಿರುತ್ತಾರೆ. ನೆಂಟರು ಬಂದರೆ ಅವನು ಒಳಕೋಣೆ ಸೇರುತ್ತಾನೆ. ಹುಡುಗಿಯಾದರಂತೂ ಮುಂದೆ ಮದುವೆಗೆ ತೊಡಕೆಂದು ಕಾಯಿಲೆಯ ಸುದ್ದಿಯೇ ಮನೆಯಿಂದ ಆಚೆ ಬರುವುದಿಲ್ಲ.

ತೀವ್ರ ಮಾನಸಿಕ ಕಾಯಿಲೆಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಹದಿಹರೆಯದ ಕೊನೆಯಿಂದ ಇಪ್ಪತ್ತರ ಆಸುಪಾಸಿನಲ್ಲಿ, ಸರಿಯಾಗಿ ಕಾಲೇಜಿನ ವಯಸ್ಸಿನಲ್ಲಿ. ಹಾಗಾಗಿ ಚೇತರಿಕೆಯ ಪಾಠವೂ ಕಾಲೇಜಿನ ಆವರಣದಲ್ಲೇ ನಡೆಯಬೇಕೆಂದು ನಾವು ನಂಬಿದ್ದೇವೆ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಿಂದಲೇ ಇಂಥ ಪ್ರಯತ್ನ ನಡೆದಿದೆ. ಇಂಗ್ಲೆಂಡಿನಲ್ಲಿ ಮೊದಲ 'ರಿಕವರಿ ಕಾಲೇಜು' ನೈಋತ್ಯ ಲಂಡನ್ನಿನಲ್ಲಿ 2009ರಲ್ಲಿ ಶುರುವಾಯಿತು. ಅಲ್ಲಿಗೆ ಬರುವವರು ರೋಗಿಗಳಾಗಿ ಬರುವುದಿಲ್ಲ. ತಮಗೆ ಬೇಕಾದ ಕೋರ್ಸಿಗೆ ಹೆಸರು ನೋಂದಾಯಿಸಿ ವಿದ್ಯಾರ್ಥಿಗಳಾಗಿ ಕೂರುತ್ತಾರೆ. ಪಾಠ ಮಾಡುವವರಲ್ಲಿ ತಜ್ಞರ ಜೊತೆಗೆ ಅದೇ ಕಾಯಿಲೆಯನ್ನು ಅನುಭವಿಸಿ ಬದುಕು ಕಟ್ಟಿಕೊಂಡವರೂ ಇರುತ್ತಾರೆ.

ಅದೇ ಮಾದರಿಯಲ್ಲಿ ಮೂರು ತಿಂಗಳ ಕನ್ನಡ ಕೋರ್ಸೊಂದನ್ನು ನಮ್ಮ ಟ್ರಸ್ಟ್ ರೂಪಿಸಿದೆ. ಕೆಟ್ಟ ನಿದ್ದೆಯನ್ನು ದಾರಿಗೆ ತರುವುದು, ಮಾತ್ರೆಯಿಂದ ಮೈ ಭಾರವಾದರೆ ತಾನೇ ನಿಲ್ಲಿಸದೆ ಡಾಕ್ಟರಿಗೆ ಬಿಡಿಸಿ ಹೇಳುವುದು, ಕಾಯಿಲೆ ಮರಳುವ ಸೂಚನೆಗಳನ್ನು ಮೊದಲೇ ಬರೆದಿಟ್ಟುಕೊಂಡು ಮನೆಯವರಿಗೂ ತಿಳಿಸುವುದು, ಮತ್ತೆ ಕಾಲೇಜು ಸೇರುವಾಗ ಪ್ರಾಂಶುಪಾಲರ ಮುಂದೆ ಏನು ಹೇಳಬೇಕು, ಎಷ್ಟು ಹೇಳಬೇಕು. ಈ ಕೊನೆಯದನ್ನು ಯಾವ ಆಸ್ಪತ್ರೆಯ ಚೀಟಿಯೂ ಬರೆದುಕೊಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಒಳಗೊಂಡಿದೆ. ನಿಗದಿತ ಪ್ರಮಾಣದ ವೈಕಲ್ಯವಿದ್ದವರಿಗೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಮೀಸಲು. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಅರ್ಜಿ ತುಂಬುವುದನ್ನೂ ತರಗತಿಯಲ್ಲೇ ಕಲಿಸುತ್ತೇವೆ.

ಭಾಗಮಂಡಲ, ಬಿರುನಾಣಿ ಕಡೆಯಿಂದ ಬರುವವರಿಗೆ ಮಳೆಗಾಲದಲ್ಲಿ ದಾರಿ ಕಷ್ಟ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಜೋರು ಮಳೆಯ ಸದ್ದಿಗೇ ಕಂಗಾಲಾಗುವವರೂ ನಮ್ಮಲ್ಲಿದ್ದಾರೆ. ಅದಕ್ಕೇ ಅಕ್ಟೋಬರಿನಲ್ಲಿ ತರಗತಿ ಆರಂಭ. ಕಾಫಿ ಕೊಯ್ಲು ಬಿರುಸಾಗುವ ಹೊತ್ತಿಗೆ ಮುಗಿಯುತ್ತದೆ. ಕ್ಯಾಂಪಸ್ಸಿನಲ್ಲೇ ಒಂದು ಕೊಠಡಿ ಬಿಟ್ಟುಕೊಡುವಂತೆ ಜಿಲ್ಲೆಯ ಶಿಕ್ಷಣ ಸಂಸ್ಥೆಗಳನ್ನು ಕೋರುತ್ತಿದ್ದೇವೆ.

ಮೊದಲ ತಂಡದಲ್ಲಿ 20 ಮಂದಿ. ಒಬ್ಬರಿಗೆ ಬಸ್ ಚಾರ್ಜು ಮತ್ತು ಮಧ್ಯಾಹ್ನದ ಊಟಕ್ಕೆ 6,000 ರೂ., ಬೋಧಕರ ಗೌರವಧನಕ್ಕೆ 4,500, ಪುಸ್ತಕ ಮತ್ತಿತರ ಸಾಮಗ್ರಿಗೆ 1,500, ಹೀಗೆ 12,000 ರೂ. ಬೇಕು. ಒಟ್ಟು 2,40,000. ಕಾಯಿಲೆ ಅನುಭವಿಸಿ ಪಾಠಕ್ಕೆ ನಿಲ್ಲುವವರಿಗೂ ತಜ್ಞರಿಗೂ ಗೌರವಧನ ಒಂದೇ. ಇದರಲ್ಲಿ ನಾವು ರಾಜಿಯಾಗುವುದಿಲ್ಲ. ಪೂರ್ತಿ ಒಬ್ಬರ ಖರ್ಚು ವಹಿಸಿಕೊಂಡರೆ ಸಂತೋಷ, ಒಂದು ದಿನದ ಊಟ ಕೊಟ್ಟರೂ ಅಷ್ಟೇ ಸಂತೋಷ. ಮನೆಯ ಅಕ್ಕಿ, ತರಕಾರಿ ಕಳಿಸಿಕೊಟ್ಟರೂ ಆಗುತ್ತದೆ. ಪ್ರತಿ ದೇಣಿಗೆಗೂ ರಸೀದಿ ಇದೆ, ಕೋರ್ಸ್ ಮುಗಿದ ಮೇಲೆ ಲೆಕ್ಕಪತ್ರ ಎಲ್ಲ ದಾನಿಗಳಿಗೂ ತಲುಪುತ್ತದೆ. ವಿದ್ಯಾರ್ಥಿಗಳ ಹೆಸರು, ಫೋಟೋ ಮಾತ್ರ ದಯವಿಟ್ಟು ಕೇಳಬೇಡಿ.

ಯಾರಿಗಾದರೂ ಈಗಲೇ ಮಾತಾಡಬೇಕೆನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ನಿಮ್ಮ ಮನೆಯಲ್ಲೇ ಓದು ಬಿಟ್ಟು ಕೂತ ಮಗನೋ ಮಗಳೋ ಇದ್ದರೆ ನಿಮ್ಮಿಂದ ನಮಗೆ ದೇಣಿಗೆ ಬೇಡ. ಅವರನ್ನು ತರಗತಿಗೆ ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಅಧ್ಯಕ್ಷರು ಮತ್ತು ಸದಸ್ಯರು, ಮಡಿಕೇರಿ