ಒಂದು ಸ್ಕ್ರೂ ಬಿಚ್ಚದೆ ತೆಗೆದುಕೊಂಡ 354 ರೂಪಾಯಿ ಮತ್ತು ನಮ್ಮಪ್ಪನಿಗೆ ಮಾಡಿದ ಅವಮಾನದ ಬಗ್ಗೆ ದೂರು

ಸರ್ವಿಸ್ ವಿಭಾಗದ ಮುಖ್ಯಸ್ಥರಿಗೆ,

ನಿಮ್ಮ ಕಸ್ಟಮರ್ ಕೇರ್‌ಗೆ ಐದು ಸಲ ಫೋನ್ ಮಾಡಿದ್ದೇನೆ. ಐದೂ ಸಲ ಸಮಾಧಾನವಾಗಿಯೇ ಮಾತಾಡಿದ್ದೇನೆ. ಹೋದ ಶನಿವಾರ ನಿಮ್ಮ ಸರ್ವಿಸ್ ಸೆಂಟರ್‌ನಲ್ಲಿ ನಡೆದದ್ದನ್ನು ನೋಡಿದ ಮೇಲೆ ಇನ್ನು ಫೋನ್ ಸಾಕು ಅನ್ನಿಸಿತು.

ನಿಮ್ಮ ಕಂಪನಿಯ 5.1 ಹೋಂ ಥಿಯೇಟರ್ ಸೆಟ್ಟನ್ನು ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ನಲ್ಲಿ 2,200 ರೂಪಾಯಿಗೆ ಕೊಂಡೆ. ಐದು ಸಣ್ಣ ಸ್ಪೀಕರ್, ದಪ್ಪ ದನಿಗೆ ಒಂದು ಸಬ್‌ವೂಫರ್, ಎಲ್ಲ ಇವೆ. ವೈರಿನ ತುದಿಯಲ್ಲಿರುವ ಕಂಟ್ರೋಲ್ ಪಾಡ್ ಒಂದೇ ಇಲ್ಲ. ಆಂಪ್ಲಿಫೈಯರ್ ಇರುವುದು ಸಬ್‌ವೂಫರ್ ಒಳಗೆ, ಆದರೆ ಅದನ್ನು ಆನ್ ಮಾಡುವ ಸಿಗ್ನಲ್ ಬರುವುದು ಆ ಪಾಡ್‌ನಿಂದ. ಅಂಗೈಯಗಲದ ಒಂದು ಡಬ್ಬಿ ಕಳೆದರೆ ಇಡೀ ಸೆಟ್ಟೇ ಗುಜರಿಗೆ ಹೋಗಬೇಕು ಅನ್ನುವ ಹಾಗೆ ಮಾಡಿಟ್ಟವರು ನೀವು.

ಇದನ್ನು ಕೊಂಡದ್ದು ನಮ್ಮಪ್ಪನಿಗೋಸ್ಕರ. ಅವರಿಗೆ ಕಿವಿ ಮಂದ. 5.1ರಲ್ಲಿ ಮಾತು ಬಹುಪಾಲು ಮಧ್ಯದ ಸ್ಪೀಕರ್‌ನಲ್ಲೇ ಬರುತ್ತದಲ್ವಾ, ಅದೊಂದನ್ನು ಅವರ ಕುರ್ಚಿ ಹತ್ತಿರ ಇಟ್ಟು ಸ್ವಲ್ಪ ಜಾಸ್ತಿ ಮಾಡಿದರೆ ಟಿವಿಯ ಮಾತು ಅವರಿಗೆ ತಿಳಿಯುತ್ತದೆ, ಪಕ್ಕದ ಮನೆಯವರಿಗೂ ತೊಂದರೆಯಿಲ್ಲ ಅಂತ ನನ್ನ ಲೆಕ್ಕ.

ಪಾಡ್ ಇಲ್ಲ ಅಂತ ಫೋನಿನಲ್ಲಿ ಮೊದಲೇ ಹೇಳಿದ್ದೆ. "ಸೆಟ್ ತನ್ನಿ, ನೋಡೋಣ" ಅಂದರು. ಸಬ್‌ವೂಫರನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋದಲ್ಲಿ ಬಂದೆವು. ಟೋಕನ್ 14. ಒಂದೂವರೆ ಗಂಟೆ ಕಾದೆವು. ಕೌಂಟರಿನವರು ತಲೆ ಎತ್ತದೆ ಮೊದಲು 300 ರೂಪಾಯಿ ತಪಾಸಣೆ ಶುಲ್ಕ, ಮೇಲೆ 18% ಜಿಎಸ್‌ಟಿ ಕಟ್ಟಿಸಿಕೊಂಡರು. ಆಮೇಲೆ ಬಿಲ್ ಕೇಳಿದರು. ಸೆಕೆಂಡ್ ಹ್ಯಾಂಡ್ ಅಂದೆ. ಸಬ್‌ವೂಫರನ್ನು ಬುಡಮೇಲು ಮಾಡಿ ಸೀರಿಯಲ್ ನಂಬರ್ ನೋಡಿ, ಕಾಲಲ್ಲಿ ನಮ್ಮ ಕಡೆಗೆ ತಳ್ಳಿದರು. ಕಾಲಲ್ಲಿ! "ಗುಜರಿ ಮಾಲು ತಂದು ಟೈಮ್ ಹಾಳು ಮಾಡ್ತೀರಲ್ಲ" ಅಂದರು. ಅಪ್ಪನಿಗೆ ಕೇಳಿಸಲಿಲ್ಲ. ರಿಪೇರಿ ಯಾವತ್ತಿಗೆ ಆಗುತ್ತದೆ ಅಂತಲೋ ಏನೋ ಹೇಳಿದರು ಅಂದುಕೊಂಡು ಮುಂದೆ ಬಗ್ಗಿ, ಕಿವಿಗೆ ಕೈ ಇಟ್ಟು, "ಏನಂದ್ರಿ ಸಾರ್?" ಅಂತ ಕೇಳಿದರು. ಆತ ಅದೇ ಮಾತನ್ನು ಇಡೀ ಹಾಲ್‌ಗೆ ಕೇಳುವ ಹಾಗೆ ಕೂಗಿ, "ಹೊಸದು ತಗೊಳ್ಳೋಕೆ ಹೇಳಿ ಮಗನಿಗೆ" ಅಂತ ಸೇರಿಸಿದರು. ಹಿಂದೆ ಕೂತಿದ್ದವರು ನಕ್ಕರು. ವಾಪಸ್ ಬರುವಾಗ ಅಪ್ಪ, "ನನಗೆ ಟಿವಿ ಬೇಡ ಬಿಡು" ಅಂದರು.

ಜಾಬ್ ಶೀಟ್‌ನಲ್ಲಿ "ಪಾರ್ಟ್ ಲಭ್ಯವಿಲ್ಲ" ಅಂತ ಬರೆದಿದೆ. ಈ ಎರಡು ಪದ ಫೋನಿನಲ್ಲೇ ಹೇಳಬಹುದಿತ್ತು. ಪಾಡ್ ಇಲ್ಲದಿದ್ದರೆ ಸಬ್‌ವೂಫರ್‌ನಲ್ಲಿ ಅದರ ವೈರ್ ಸಿಕ್ಕಿಸುವ ಜಾಗದ 9 ಪಿನ್ನುಗಳಲ್ಲಿ ಯಾವುದು ಏನು ಅಂತ ಒಂದು ಚಿತ್ರ ಕೊಡಿ ಅಂದೆ. ಅದೂ ಕೊಡುವುದಿಲ್ಲವಂತೆ.

ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. ಸಣ್ಣ ಸ್ಪೀಕರ್ ಐದೂ 3.5 ಓಮ್ ಹತ್ತಿರ ತೋರಿಸಿದವು, ಅಂದರೆ 4 ಓಮ್‌ನವು, ಒಂದೂ ಕೆಟ್ಟಿಲ್ಲ. ಎಸ್‌ಪಿ ರೋಡ್‌ನಲ್ಲಿ ಟಿಪಿಎ3116 ಅನ್ನುವ ಆಂಪ್ಲಿಫೈಯರ್ ಬೋರ್ಡ್ ತಂದೆ. ದಪ್ಪ ದನಿ ನುಗ್ಗಿ ಸ್ಪೀಕರಿನ ಸಣ್ಣ ಕೋನ್ ಹರಿಯದಿರಲಿ ಅಂತ ಅದರ ವೈರಿಗೆ ಸರಣಿಯಲ್ಲಿ 220 ಮೈಕ್ರೋಫ್ಯಾರಡ್‌ನ ನಾನ್‌ಪೋಲಾರ್ ಕೆಪಾಸಿಟರ್ ಹಾಕಿ, ಮಧ್ಯದ ಸ್ಪೀಕರನ್ನು ಅಪ್ಪನ ಕುರ್ಚಿ ಪಕ್ಕ ಇಟ್ಟೆ. ಈಗ ಅವರಿಗೆ ವಾರ್ತೆ ಕೇಳಿಸುತ್ತದೆ. ನಿಮ್ಮವರು ಗುಜರಿ ಅಂದದ್ದು ಇದನ್ನೇ. ಸಬ್‌ವೂಫರ್ ಮಾತ್ರ ಮೂಲೆಯಲ್ಲಿ ಸುಮ್ನೆ ಕೂತಿದೆ, ನಿಮ್ಮ ಚಿತ್ರಕ್ಕೆ ಕಾಯುತ್ತಾ.

ಕಂಪನಿಗಳ ರಿಪೇರಿ ಮಾಹಿತಿ ಜನರಿಗೆ ಸಿಗಲಿ ಅಂತ ಸರ್ಕಾರ ರೈಟ್ ಟು ರಿಪೇರ್ ಪೋರ್ಟಲ್ ಶುರು ಮಾಡಿದ್ದು 2022ರ ಡಿಸೆಂಬರ್‌ನಲ್ಲಿ, ನಿಮಗೆ ಗೊತ್ತಿಲ್ಲದ್ದೇನಲ್ಲ. ಸೆಟ್ ಸೆಕೆಂಡ್ ಹ್ಯಾಂಡ್ ಇರಬಹುದು, ಆದರೆ ಆ 354 ರೂಪಾಯಿ ಸೇವೆಗೆ ನಾನೇ ಗ್ರಾಹಕ. ಹಣ ವಾಪಸ್ ಬೇಕು, ಪಿನ್ನುಗಳ ಚಿತ್ರ ಬೇಕು, ನಮ್ಮಪ್ಪನಿಗೆ ಬರವಣಿಗೆಯಲ್ಲಿ ಕ್ಷಮೆ ಬೇಕು. 15 ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಅಪ್ಪನನ್ನೂ ಕರೆದುಕೊಂಡು ಬರುತ್ತೇನೆ. ಆ ಶನಿವಾರ ಏನಂದಿರಿ ಅಂತ ಅಲ್ಲಿ ಇನ್ನೊಂದು ಸಲ ಹೇಳಿ, ಅವರಿಗೆ ಕೇಳಿಸುವ ಹಾಗೆ.